ಅಕ್ವೇರಿಯಂ ಗಿಡ ಹದಿನೈದೇ ದಿನಕ್ಕೆ ಕರಗೋದು ಯಾಕೆ?

ವಾರಾಂತ್ಯದ ಹುಮ್ಮಸ್ಸಿನಲ್ಲಿ ಎರಡಡಿಯ ಟ್ಯಾಂಕು, ಒಂದು ಫಿಲ್ಟರು, ಆರು ಗಪ್ಪಿ, ಜೊತೆಗೆ ಮೂರ್ನಾಲ್ಕು ಬಗೆಯ ಗಿಡ ಮನೆಗೆ ಬರುತ್ತೆ. ಮೊದಲ ವಾರ ಸ್ಟೇಟಸ್ಸಿಗೆ ಹಾಕುವಷ್ಟು ಚೆಂದ. ಎರಡನೇ ವಾರ ಎಲೆಗಳು ನೀರಲ್ಲಿ ನೆನೆದ ಹಪ್ಪಳದ ಹಾಗಾಗುತ್ತವೆ, ಮುಟ್ಟಿದರೆ ಲೋಳೆ. ಮೂರನೇ ವಾರ ಫಿಲ್ಟರಿನ ತುಂಬ ಕೊಳೆತ ಎಲೆ, ನೀರಿಗೆ ಒಂಥರಾ ವಾಸನೆ. ಒಂದು ಬೆಳಗ್ಗೆ ಎದ್ದು ನೋಡಿದರೆ ಗಪ್ಪಿಯೊಂದು ಹೊಟ್ಟೆ ಮೇಲಾಗಿ ತೇಲುತ್ತಿರುತ್ತೆ. ‘ನಮ್ಮ ಕೈಗುಣಾನೇ ಸರಿ ಇಲ್ಲ ಬಿಡಿ’ ಅಂತ ಹೇಳಿ ಪ್ಲಾಸ್ಟಿಕ್ ಗಿಡ ತಂದು ಇಡೋರೇ ಹೆಚ್ಚು.

ಇದರಲ್ಲಿ ಕೈಗುಣದ ಪಾತ್ರ ಏನೂ ಇಲ್ಲ. ಆದರೆ ಗಿಡ ಸಾಯೋದಕ್ಕೂ ಮೀನು ಸಾಯೋದಕ್ಕೂ ಸಂಬಂಧ ಇದೆ, ಅದನ್ನ ಮಾತ್ರ ಹಗುರವಾಗಿ ತಗೋಬೇಡಿ. ಕೊಳೆಯುವ ಎಲೆ ನೀರಿಗೆ ಅಮೋನಿಯಾ ಬಿಡುತ್ತೆ. ಮೀನಿನ ಕಸವೂ ಅಮೋನಿಯಾವೇ. ಹಳೆಯ ಟ್ಯಾಂಕಿನಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಆಗಿ ಬದಲಾಯಿಸುತ್ತವೆ. ಹೊಸ ಟ್ಯಾಂಕಿನಲ್ಲಿ ಆ ಬ್ಯಾಕ್ಟೀರಿಯಾ ಬಳಗ ಬೆಳೆದು ನೆಲೆಯಾಗಲು ನಾಲ್ಕರಿಂದ ಆರು ವಾರ ಬೇಕು. ಅಷ್ಟರೊಳಗೆ ಅಮೋನಿಯಾ ಮೀನಿನ ಕಿವಿರನ್ನು ಸುಟ್ಟುಬಿಡುತ್ತೆ. ಚೆನ್ನಾಗಿ ಬೆಳೆಯುತ್ತಿರುವ ಗಿಡ ಇದಕ್ಕೆ ಪೂರ್ತಿ ಉಲ್ಟಾ. ಅದು ಅಮೋನಿಯಾವನ್ನೇ ಗೊಬ್ಬರದಂತೆ ಹೀರಿಕೊಂಡು ಹಗಲಿಡೀ ಆಮ್ಲಜನಕ ಕೊಡುತ್ತೆ.

ಅಕ್ವೇರಿಯಂ ಅನ್ನೋ ಕಲ್ಪನೆ ಶುರುವಾಗಿದ್ದೇ ಇಲ್ಲಿಂದ. 1850ರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಒಂದು ತೊಟ್ಟಿಯಲ್ಲಿ ಎರಡು ಗೋಲ್ಡ್‌ಫಿಶ್, ವ್ಯಾಲಿಸ್ನೇರಿಯಾ ಗಿಡ ಮತ್ತು ಕೊಳೆತ ಎಲೆ ತಿನ್ನಲು ಕೊಳದ ಬಸವನಹುಳು ಬಿಟ್ಟು, ಈ ಮೂರೂ ಒಂದನ್ನೊಂದು ಹೇಗೆ ಸಾಕುತ್ತವೆ ಅಂತ ವರದಿ ಮಾಡಿದ. ಪಂಪಿಲ್ಲ, ಫಿಲ್ಟರಿಲ್ಲ. ಗಿಡವೇ ಫಿಲ್ಟರ್. ಇವತ್ತಿನ ಅಂಗಡಿಗಳಲ್ಲಿ ಗಿಡವನ್ನು ‘ಡೆಕೊರೇಶನ್’ ಸಾಲಿನಲ್ಲಿ ಇಡುತ್ತಾರಲ್ಲ, ಆ ಸಾಲೇ ತಪ್ಪು ಅನ್ನೋದು ನನ್ನ ಅಭಿಪ್ರಾಯ.

ತಕರಾರು ಅಂಗಡಿಯಿಂದಲೇ ಶುರು

ನಾವು ಅಕ್ವೇರಿಯಂ ಗಿಡ ಅಂತ ಕರೆಯುವ ಬಹುಪಾಲು ಗಿಡಗಳು ನೀರೊಳಗೇ ಹುಟ್ಟಿ ನೀರೊಳಗೇ ಸಾಯುವವಲ್ಲ. ಅವು ಹೊಳೆದಂಡೆಯ ಗಿಡಗಳು. ಮಳೆಗಾಲದಲ್ಲಿ ಮುಳುಗುತ್ತವೆ, ಬೇಸಿಗೆಯಲ್ಲಿ ನೀರು ಇಳಿದಾಗ ಗಾಳಿಯಲ್ಲಿ ಬೆಳೆಯುತ್ತವೆ. ಎರಡು ಕಾಲಕ್ಕೆ ಎರಡು ಬಗೆಯ ಎಲೆ. ಗಾಳಿಯ ಎಲೆ ದಪ್ಪ, ನೀರು ಆರದಂತೆ ಮೇಣದ ಪದರ ಇರುತ್ತೆ, ಉಸಿರಾಟಕ್ಕೆ ಪತ್ರರಂಧ್ರಗಳಿರುತ್ತವೆ. ನೀರಿನ ಎಲೆ ತೆಳು. ತನಗೆ ಬೇಕಾದ್ದನ್ನೆಲ್ಲ ಮೈಯಿಂದಲೇ ಹೀರಬೇಕಲ್ಲ, ಮೇಣ ಹಚ್ಚಿಕೊಂಡು ಕೂತರೆ ಆಗಲ್ಲ.

ನರ್ಸರಿಗಳು ಈ ಗಿಡಗಳನ್ನು ಹೆಚ್ಚಾಗಿ ನೀರಿನಿಂದ ಹೊರಗೇ ಬೆಳೆಸುತ್ತವೆ. ಬೇಗ ಬೆಳೆಯುತ್ತೆ, ಪಾಚಿ ಕಾಟ ಇಲ್ಲ. ನೀವು ತಂದು ಮುಳುಗಿಸಿದ ದಿನ ಗಿಡಕ್ಕೆ ಒಂದೇ ಸಲ ಮಳೆಗಾಲ ಬಂದ ಹಾಗೆ. ಅದು ಹಳೆ ಎಲೆಯನ್ನು ಉದುರಿಸಿ, ಕಾಂಡ-ಬೇರಿನಲ್ಲಿ ಇಟ್ಟುಕೊಂಡ ಉಳಿತಾಯದಿಂದ ಹೊಸ ಎಲೆ ಕಟ್ಟಬೇಕು. ನೀವು ನೋಡುವ ‘ಕರಗುವಿಕೆ’ ಬಹಳ ಸಲ ಇದೇ. ಕ್ರಿಪ್ಟೊಕೊರೈನ್ ಅನ್ನೋ ಗಿಡವಂತೂ ಜಾಗ ಬದಲಾಯಿಸಿದರೂ ಮುನಿಸಿಕೊಂಡು ಎಲ್ಲ ಎಲೆ ಉದುರಿಸುತ್ತೆ, ಮೂರ್ನಾಲ್ಕು ವಾರದಲ್ಲಿ ಬುಡದಿಂದ ಮತ್ತೆ ಚಿಗುರುತ್ತೆ. ಆ ಹೊತ್ತಿಗೆ ಅರ್ಧ ಜನ ಅದನ್ನು ಕಿತ್ತು ಬಿಸಾಡಿರುತ್ತಾರೆ.

ಹಾಗಾಗಿ ಎಲೆ ನೋಡಬೇಡಿ, ಬೇರು ನೋಡಿ, ನಡುವಿನ ಚಿಗುರು ನೋಡಿ. ಬೇರು ಗಟ್ಟಿಯಾಗಿ, ಬೆಳ್ಳಗೋ ತಿಳಿಕಂದಾಗೋ ಇದ್ದರೆ ಗಿಡ ಬದುಕಿದೆ. ಲೋಳೆಯಾದ ಎಲೆಯನ್ನು ಮಾತ್ರ ಬುಡದಲ್ಲಿ ಕತ್ತರಿಸಿ ಆಚೆ ಹಾಕಿ. ಅದು ಅಲ್ಲೇ ಕೊಳೆತರೆ ಮೇಲೆ ಹೇಳಿದ ಅಮೋನಿಯಾ ಕಥೆ ಶುರು.

ಇನ್ನೊಂದು ಮೋಸವಿದೆ. ನೀರಿನ ಗಿಡವೇ ಅಲ್ಲದ್ದನ್ನು ನೀರಿನ ಗಿಡ ಅಂತ ಮಾರೋದು. ಲಕ್ಕಿ ಬ್ಯಾಂಬೂ ಅಂತ ಕರೆಯುವ ಡ್ರಸೀನಾ, ಸ್ಪೈಡರ್ ಪ್ಲಾಂಟ್, ಸಿಂಗೋನಿಯಂ, ನೇರಳೆ ಎಲೆಯ ಹೆಮಿಗ್ರಾಫಿಸ್ ಇವೆಲ್ಲ ಕುಂಡದ ಗಿಡಗಳು. ಬೇರು ನೀರಲ್ಲಿದ್ದು ಎಲೆ ಗಾಳಿಯಲ್ಲಿದ್ದರೆ ಹಾಯಾಗಿರುತ್ತವೆ; ಪೂರ್ತಿ ಮುಳುಗಿಸಿದರೆ ಒಂದೆರಡು ತಿಂಗಳು ಬಣ್ಣ ಉಳಿಸಿಕೊಂಡು ನಿಧಾನಕ್ಕೆ ಕೊಳೆಯುತ್ತವೆ. ನಿಧಾನಕ್ಕೆ ಆಗೋದ್ರಿಂದಲೇ ಅಂಗಡಿಯವರ ಹತ್ತಿರ ವಾಪಸ್ ಹೋಗಿ ಕೇಳೋ ಹಾಗೂ ಇರಲ್ಲ. ಒಂದು ಸರಳ ಪರೀಕ್ಷೆ: ಗಿಡವನ್ನು ನೀರಿನಿಂದ ಎತ್ತಿ ಹಿಡಿಯಿರಿ. ನೀರೊಳಗೆ ಬೆಳೆದ ಕಾಂಡ ಒದ್ದೆ ದಾರದಂತೆ ಜೋತುಬೀಳುತ್ತೆ. ಕಡ್ಡಿಯಂತೆ ನೆಟ್ಟಗೆ ನಿಂತರೆ ಒಂದೋ ಗಾಳಿಯಲ್ಲಿ ಬೆಳೆಸಿದ್ದು, ಇಲ್ಲವೋ ನೆಲದ ಗಿಡ. ಅನೂಬಿಯಾಸ್‌ಗೆ ಈ ಪರೀಕ್ಷೆ ಅನ್ವಯಿಸಲ್ಲ, ಅದರ ಎಲೆ ಹುಟ್ಟಾ ಗಟ್ಟಿ. ಹೆಸರು ಕೇಳಿ, ಅಲ್ಲೇ ಫೋನಿನಲ್ಲಿ ಹುಡುಕಿ ನೋಡಿ ದುಡ್ಡು ಕೊಡಿ. ಸಂಕೋಚ ಬೇಡ.

ತಂದ ಗಿಡವನ್ನು ನೇರ ಟ್ಯಾಂಕಿಗೆ ಹಾಕಬೇಡಿ. ಕುಂಡ, ಬೇರಿಗೆ ಸುತ್ತಿದ ಹತ್ತಿಯಂಥ ನಾರು, ಸೀಸದ ಪಟ್ಟಿ ಎಲ್ಲ ತೆಗೆದು, ಪೊಟ್ಯಾಶಿಯಂ ಪರ್ಮಾಂಗನೇಟಿನ ತಿಳಿ ಗುಲಾಬಿ ನೀರಿನಲ್ಲಿ ಹತ್ತು ನಿಮಿಷ ಅದ್ದಿ, ಚೆನ್ನಾಗಿ ತೊಳೆಯಿರಿ. ಸೀಗಡಿ ಸಾಕುವ ಆಸೆ ಇದ್ದರೆ ಒಂದೆರಡು ವಾರ ಬೇರೆ ಬಕೆಟ್ಟಿನಲ್ಲಿಟ್ಟು ನೀರು ಬದಲಿಸುತ್ತಿರಿ. ನರ್ಸರಿಯ ಕೀಟನಾಶಕ ಮೀನನ್ನು ಬಿಟ್ಟರೂ ಸೀಗಡಿಯನ್ನು ಬಿಡಲ್ಲ.

ನಲ್ಲಿ ನೀರು ಯಾವುದು?

ಲೈಟು, ಗೊಬ್ಬರ ಅಂತ ವಿಡಿಯೊಗಳಲ್ಲಿ ಗಂಟೆಗಟ್ಟಲೆ ಮಾತಾಡ್ತಾರೆ. ಆ ವಿಡಿಯೊ ಮಾಡಿದವರ ಊರಿನ ನೀರು ಬೇರೆ, ನಮ್ಮದು ಬೇರೆ. ಬೆಂಗಳೂರಿನಲ್ಲೇ ಒಂದು ರಸ್ತೆಯ ಆಚೆ ಕಾವೇರಿ, ಈಚೆ ಟ್ಯಾಂಕರ್.

ಕಾವೇರಿ ನೀರು ಬೋರ್‌ವೆಲ್ ನೀರಿಗಿಂತ ಸಾಮಾನ್ಯವಾಗಿ ಮೆದು. ಅದರಲ್ಲಿರುವ ಕ್ಲೋರಿನ್ ಒಂದೇ ತೊಂದರೆ. ಬಾಯಿ ಅಗಲದ ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟರೆ ಹಾರಿಹೋಗುತ್ತೆ, ಅವಸರವಿದ್ದರೆ ಅಂಗಡಿಯಲ್ಲಿ ಸಿಗುವ ಆ್ಯಂಟಿ-ಕ್ಲೋರಿನ್ ಹನಿ ಸಾಕು. ಬೋರ್‌ವೆಲ್ ಮತ್ತು ಟ್ಯಾಂಕರ್ ನೀರು ಗಡಸು. ನಲ್ಲಿಯ ಬಾಯಲ್ಲಿ, ಗೀಸರಿನ ಕಾಯಿಲ್ ಮೇಲೆ ಬಿಳಿ ಕಟ್ಟು ಹಿಡಿಯುತ್ತಲ್ಲ, ಅದೇ ಸಾಕ್ಷಿ. ಗಡಸು ನೀರಲ್ಲಿ ಗಿಡ ಬೆಳೆಯಲ್ಲ ಅನ್ನೋದು ಸುಳ್ಳು. ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾದಂಥವು ಗಡಸು ನೀರಿನ ಬೈಕಾರ್ಬನೇಟಿನಿಂದಲೇ ಇಂಗಾಲ ಎಳೆದುಕೊಳ್ಳಬಲ್ಲವು. ಹಲವು ಕ್ರಿಪ್ಟೊಕೊರೈನ್, ಜಾವಾ ಫರ್ನ್, ಅನೂಬಿಯಾಸ್, ಹಾರ್ನ್‌ವರ್ಟ್ ಕೂಡ ತಕರಾರು ಮಾಡಲ್ಲ. ಕೆಂಪು ಬಣ್ಣದ ನಾಜೂಕು ಗಿಡಗಳು ಮಾತ್ರ ಮುಖ ಸಿಂಡರಿಸುತ್ತವೆ.

ಅಪಾರ್ಟ್‌ಮೆಂಟಿನವರು ಒಂದು ವಿಷಯ ವಿಚಾರಿಸಿಕೊಳ್ಳಿ. ನಿಮ್ಮ ಬ್ಲಾಕಿಗೆ ವಾಟರ್ ಸಾಫ್ಟನರ್ ಇದೆಯಾ? ಉಪ್ಪಿನ ಮೂಟೆ ಸುರಿದು ನಡೆಸುವ ಸಾಫ್ಟನರ್, ನೀರಿನ ಕ್ಯಾಲ್ಸಿಯಂ-ಮೆಗ್ನೀಶಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಕೊಡುತ್ತೆ. ಸ್ನಾನಕ್ಕೆ, ವಾಷಿಂಗ್ ಮೆಷೀನಿಗೆ ಒಳ್ಳೆಯದು. ಗಿಡಕ್ಕೆ ಬೇಕಾದ್ದನ್ನು ಕಿತ್ತುಕೊಂಡು ಬೇಡದ್ದನ್ನು ಕೊಟ್ಟ ಹಾಗೆ. ಟಿಡಿಎಸ್ ಮೀಟರ್ ಇದನ್ನು ಹೇಳಲ್ಲ, ಅದು ಒಟ್ಟು ಎಷ್ಟು ಕರಗಿದೆ ಅಂತ ಹೇಳುತ್ತೆಯೇ ಹೊರತು ಏನು ಕರಗಿದೆ ಅಂತಲ್ಲ. ಸಾಫ್ಟನರ್‌ಗೆ ಹೋಗುವ ಮುಂಚಿನ ನಲ್ಲಿ ಎಲ್ಲಿದೆ ಅಂತ ಪ್ಲಂಬರ್ ಅಣ್ಣನನ್ನು ಕೇಳಿ, ಅಲ್ಲಿಂದ ಹಿಡಿಯಿರಿ. ಇಲ್ಲದಿದ್ದರೆ ಅಡುಗೆಮನೆ ಆರ್‌ಒ ನೀರು ಬಳಸಿ, ಖನಿಜದ ಲವಣ ಸೇರಿಸಿ. ಬರೀ ಆರ್‌ಒ ನೀರು ತುಂಬಿಸೋದೂ ಸರಿಯಲ್ಲ, ಅದರಲ್ಲಿ ಗಿಡಕ್ಕೆ ತಿನ್ನೋಕೆ ಹೆಚ್ಚೇನೂ ಉಳಿದಿರಲ್ಲ. ಬೋರ್‌ವೆಲ್ ಮತ್ತು ಆರ್‌ಒ ಅರ್ಧ-ಅರ್ಧ ಬೆರೆಸೋದು ಅಗ್ಗದ, ಒಳ್ಳೆಯ ದಾರಿ. ಆರ್‌ಒ ಯಂತ್ರ ಹೊರಗೆ ಬಿಡುವ ವೇಸ್ಟ್ ನೀರು ಬೇಡ, ಉಪ್ಪೆಲ್ಲ ಅದರಲ್ಲೇ ಸೇರಿರುತ್ತೆ.

ಬೇಸಿಗೆಯಲ್ಲಿ ನೀರು ಆವಿಯಾಗಿ ಕಡಿಮೆಯಾದಾಗಲೂ ಇದೇ ಲೆಕ್ಕ. ಆವಿಯಾಗೋದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತೆ. ತುಂಬಿಸುವಾಗ ಮತ್ತೆ ಗಡಸು ನೀರು ಹಾಕಿದರೆ ತಿಂಗಳಿಂದ ತಿಂಗಳಿಗೆ ಟ್ಯಾಂಕು ಇನ್ನಷ್ಟು ಗಡಸಾಗುತ್ತೆ. ಹಾಗೆ ತುಂಬಿಸೋದಕ್ಕೆ ಆರ್‌ಒ ನೀರು ಹಾಕಿ. ವಾರದ ನೀರು ಬದಲಾವಣೆಗೆ ನಿಮ್ಮ ಮಾಮೂಲಿ ನೀರು. ಕಲಬುರಗಿ, ರಾಯಚೂರು ಕಡೆ ನೀರಿನ ಶಾಖ 32 ಡಿಗ್ರಿ ದಾಟಿದರೆ ಗಿಡವೂ ಸೊರಗುತ್ತೆ. ಮುಚ್ಚಳ ತೆಗೆದು ನೀರಿನ ಮೇಲ್ಮೈಗೆ ಸಣ್ಣ ಫ್ಯಾನ್ ಹಿಡಿದರೆ ಎರಡು-ಮೂರು ಡಿಗ್ರಿ ಇಳಿಯುತ್ತೆ. ಮಂಗಳೂರಿನ ಸೆಕೆಯಲ್ಲಿ ಈ ಉಪಾಯ ಅಷ್ಟು ಫಲ ಕೊಡಲ್ಲ, ಗಾಳಿಯಲ್ಲೇ ತೇವ ತುಂಬಿರುತ್ತಲ್ಲ.

ಲೈಟು ಜಾಸ್ತಿ ಆದ್ರೆ ಒಳ್ಳೇದಲ್ವಾ?

ಪದೇ ಪದೇ ಕೇಳಿಬರುವ ಪ್ರಶ್ನೆ ಇದು. ಅಲ್ಲ. ಲೈಟು ಗಾಡಿಯ ಆಕ್ಸಲರೇಟರ್ ಇದ್ದ ಹಾಗೆ. ಒತ್ತಿದಷ್ಟೂ ಗಿಡಕ್ಕೆ ಇಂಗಾಲದ ಡೈಆಕ್ಸೈಡ್ ಮತ್ತು ಗೊಬ್ಬರ ಹೆಚ್ಚು ಬೇಕು. ನೀರಿನಲ್ಲಿ ಅನಿಲ ಹರಡೋದು ಗಾಳಿಗಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನ. ಗಾಳಿಯ ಜೊತೆ ಸಮತೋಲದಲ್ಲಿರುವ ನೀರಿನಲ್ಲಿ ಲೀಟರಿಗೆ ಒಂದು ಮಿಲಿಗ್ರಾಂ ಕೂಡ ಇಂಗಾಲದ ಡೈಆಕ್ಸೈಡ್ ಇರಲ್ಲ. ಗಿಡ ಹಸಿದು ನಿಂತಾಗ ಆ ಬೆಳಕನ್ನು ಬಳಸಿಕೊಳ್ಳೋಕೆ ಒಬ್ಬರು ಸದಾ ಸಿದ್ಧ. ಅದೇ ಪಾಚಿ.

ಎರಡಡಿಯ, ಸುಮಾರು 54 ಲೀಟರ್ ಟ್ಯಾಂಕಿಗೆ 10–12 ವ್ಯಾಟಿನ ಬಿಳಿ ಎಲ್‌ಇಡಿ, 6500 ಕೆಲ್ವಿನ್ ಅಂತ ಬರೆದಿರೋದು, ಶುರುವಿಗೆ ಧಾರಾಳ. ನೀಲಿ-ಗುಲಾಬಿ ಷೋ ಲೈಟು ಮೀನಿನ ಬಣ್ಣ ತೋರಿಸೋಕೆ, ಗಿಡಕ್ಕಲ್ಲ. ಮೊದಲ ತಿಂಗಳು ದಿನಕ್ಕೆ ಆರು ಗಂಟೆ, ಆಮೇಲೆ ನಿಧಾನಕ್ಕೆ ಎಂಟು. ಒಂದು ಟೈಮರ್ ಪ್ಲಗ್ ಹಾಕಿಬಿಡಿ. ಆಫೀಸಿನಿಂದ ತಡವಾಗಿ ಬಂದು ರಾತ್ರಿ ಹನ್ನೊಂದರ ತನಕ ಲೈಟ್ ಹಾಕಿ ನೋಡುತ್ತ ಕೂರುವ ಆಸೆ ಇದ್ದರೆ ಟೈಮರನ್ನು ಸಂಜೆ ಐದಕ್ಕೆ ಶುರುಮಾಡಿ. ಗಿಡಕ್ಕೆ ಬೆಳಗ್ಗೆಯೇ ಬೆಳಕು ಬೇಕು ಅಂತೇನಿಲ್ಲ, ದಿನಾ ಒಂದೇ ಹೊತ್ತಿಗೆ ಬಂದರೆ ಸಾಕು. ಕಿಟಕಿಯ ನೇರ ಬಿಸಿಲು ಬೀಳುವ ಜಾಗ ಬೇಡ, ನೀರೇ ಹಸಿರಾಗುತ್ತೆ.

ಇನ್‌ಸ್ಟಾಗ್ರಾಂನಲ್ಲಿ ನೋಡುವ ಹಸಿರು ಜಮಖಾನೆಯಂಥ ಟ್ಯಾಂಕುಗಳು ಬೇರೆಯದೇ ಲೋಕ. ಆ ಶೈಲಿಯನ್ನು ಜಗತ್ತಿಗೆ ಕೊಟ್ಟವರು ಜಪಾನಿನ ತಕಾಶಿ ಅಮಾನೊ. ಅವರು ಮೂಲತಃ ನಿಸರ್ಗದ ಫೋಟೊಗ್ರಾಫರ್. 1982ರಲ್ಲಿ ತಮ್ಮ ಅಕ್ವೇರಿಯಂ ಕಂಪನಿ ಕಟ್ಟಿದರು. ಲಿಸ್ಬನ್ನಿನ ಓಶಿಯನೇರಿಯಂನಲ್ಲಿ 40 ಮೀಟರ್ ಉದ್ದದ, 1,60,000 ಲೀಟರಿನ ನೀರೊಳಗಿನ ಕಾಡು ಕಟ್ಟಿ, ಅದು ತೆರೆದ 2015ರಲ್ಲೇ ತೀರಿಕೊಂಡರು. ಅಂಥ ಟ್ಯಾಂಕುಗಳಲ್ಲಿ ಸಿಲಿಂಡರಿನಿಂದ ಇಂಗಾಲದ ಡೈಆಕ್ಸೈಡ್ ಹಾಯಿಸಿ ಲೀಟರಿಗೆ 30 ಮಿಲಿಗ್ರಾಂ ಹತ್ತಿರ ಇಟ್ಟಿರುತ್ತಾರೆ, ವಾರವಾರ ಕತ್ತರಿ ಹಿಡಿದು ಕೂರುತ್ತಾರೆ. ಆ ಗಡಿ ದಾಟಿದರೆ ಮೀನು ಮೇಲೆ ಬಂದು ಬಾಯಿ ಬಿಡುತ್ತೆ. ಒಂದು ವರ್ಷ ಸಾದಾ ಟ್ಯಾಂಕು ನಡೆಸಿ, ಆಮೇಲೂ ಆಸೆ ಉಳಿದಿದ್ದರೆ ಆ ಕಡೆ ನೋಡಿ. ಸಕ್ಕರೆ-ಯೀಸ್ಟ್ ಬಾಟಲಿಯ ಮನೆ ಉಪಾಯ ನನಗೆ ಇಷ್ಟವಿಲ್ಲ. ಒಂದು ದಿನ ಉಕ್ಕುತ್ತೆ, ಇನ್ನೊಂದು ದಿನ ಸುಮ್ಮನಿರುತ್ತೆ. ಈ ಏರುಪೇರಿಗೇ ಕಪ್ಪು ಗಡ್ಡದಂಥ ಪಾಚಿ ಕಾದಿರುತ್ತೆ.

ಕೆಂಪು ಮಣ್ಣು, ಒಂದಿಂಚು

ಬಣ್ಣದ ಕಲ್ಲು ಹಾಸಿ ಗಿಡ ನೆಟ್ಟರೆ ಅದು ಸಿಮೆಂಟ್ ಅಂಗಳದಲ್ಲಿ ಬದನೆ ಗಿಡ ನೆಟ್ಟಂತೆ. ದುಬಾರಿ ಅಕ್ವಾಸಾಯಿಲ್ ಚೀಲವೂ ಖಂಡಿತ ಬೇಕು ಅಂತಿಲ್ಲ. ಅಮೆರಿಕದ ಡಯಾನಾ ವಾಲ್‌ಸ್ಟಡ್ 1999ರಲ್ಲಿ ಬರೆದ ಪುಸ್ತಕದಿಂದ ಮನೆಮಾತಾದ ವಿಧಾನ ನಮ್ಮ ಕೈತೋಟದ ಬುದ್ಧಿಯೇ. ತಳದಲ್ಲಿ ಸಾದಾ ಮಣ್ಣು, ಮೇಲೆ ಮರಳಿನ ಹೊದಿಕೆ.

ಗೊಬ್ಬರ, ಔಷಧಿ ಬೀಳದ ಜಾಗದ ಕೆಂಪು ಮಣ್ಣು ತನ್ನಿ. ನಮ್ಮ ಕೆಂಪು ಮಣ್ಣಿನ ಬಣ್ಣವೇ ಕಬ್ಬಿಣದ್ದು. ಜರಡಿ ಹಿಡಿದು ಕಡ್ಡಿ, ಬೇರು ತೆಗೆದು, ಎರಡು-ಮೂರು ಸಲ ನೀರಲ್ಲಿ ಕಲಕಿ ತೇಲಿದ್ದನ್ನು ಚೆಲ್ಲಿ. ಒಂದಿಂಚು ಹರಡಿ. ಅದರ ಮೇಲೆ ಎರಡು-ಮೂರು ಮಿಲಿಮೀಟರಿನ ತೊಳೆದ ದಪ್ಪ ಮರಳು, ಇನ್ನೊಂದಿಂಚು. ಸಗಣಿ ಗೊಬ್ಬರ ಹಾಕಬೇಡಿ, ಅಮೋನಿಯಾ ಏರುತ್ತೆ. ಮಣ್ಣು ಮೂರು-ನಾಲ್ಕು ಇಂಚು ದಪ್ಪ ಮಾಡಲೂಬೇಡಿ, ಕೆಳಗೆ ಗಾಳಿಯಿಲ್ಲದೆ ಕೊಳೆತ ಮೊಟ್ಟೆಯ ವಾಸನೆ ಬರುತ್ತೆ. ಮರಳೋ ಕಲ್ಲೋ ಸುಣ್ಣದಂಶದ್ದಾ ಅಂತ ತಿಳಿಯಲು ವಿನೆಗರ್ ಹನಿಸಿ. ನೊರೆ ಬಂದರೆ ಅದು ನೀರನ್ನು ಇನ್ನೂ ಗಡಸು ಮಾಡುತ್ತೆ. ಗೋಕರ್ಣದಿಂದ ಆಸೆಪಟ್ಟು ತಂದ ಚಿಪ್ಪುಗಳನ್ನು ಷೋಕೇಸಿನಲ್ಲಿಡಿ. ನೀರು ಸುರಿಯುವಾಗ ಒಂದು ತಟ್ಟೆ ಇಟ್ಟು ಅದರ ಮೇಲೆ ನಿಧಾನಕ್ಕೆ ಸುರಿದರೆ ಮಣ್ಣು ಕದಡಲ್ಲ.

ಬಾಡಿಗೆ ಮನೆಯವರಿಗೆ ಒಂದು ಮಾತು: ಎರಡಡಿಯ ಟ್ಯಾಂಕು ನೀರು, ಮರಳು, ಗಾಜು ಸೇರಿ ಎಪ್ಪತ್ತೆಂಬತ್ತು ಕಿಲೊ ಆಗುತ್ತೆ. ಮಡಚುವ ಸ್ಟಡಿ ಟೇಬಲ್ ಅದಕ್ಕಲ್ಲ.

ಯಾವ ಗಿಡ? ಹಿಂದೆ ವ್ಯಾಲಿಸ್ನೇರಿಯಾ, ನಡುವೆ ಕ್ರಿಪ್ಟೊಕೊರೈನ್ ಮತ್ತು ಒಂದು ಅಮೆಜಾನ್ ಸ್ವೋರ್ಡ್, ಮರದ ತುಂಡಿಗೆ ಅನೂಬಿಯಾಸ್, ಜಾವಾ ಫರ್ನ್. ಕೊನೆಯ ಎರಡಕ್ಕೆ ಶುಂಠಿಯಂಥ ದಪ್ಪ ಅಡ್ಡಕಾಂಡ ಇರುತ್ತೆ. ಅದನ್ನು ಮಣ್ಣಲ್ಲಿ ಹೂತರೆ ಕೊಳೆಯುತ್ತೆ. ದಾರದಿಂದ ಕಲ್ಲಿಗೆ ಕಟ್ಟಿ, ಇಲ್ಲವೇ ಒಂದು ಹನಿ ಫೆವಿಕ್ವಿಕ್. ಕಾಂಡದ ಗಿಡಗಳನ್ನು ಕಟ್ಟಿನ ಸಮೇತ ಚುಚ್ಚಬೇಡಿ, ಬಿಡಿಸಿ, ಕೆಳಗಿನ ಎಲೆ ಕಿತ್ತು, ಒಂದೊಂದಾಗಿ ಬೆರಳಂತರದಲ್ಲಿ ನೆಡಿ. ಮೊದಲ ದಿನವೇ ನೆಲದ ಅರ್ಧಕ್ಕಿಂತ ಹೆಚ್ಚು ಭಾಗ ಗಿಡ ತುಂಬಿರಲಿ. ‘ಎರಡು ಹಾಕಿ ನೋಡೋಣ, ಬದುಕಿದರೆ ಇನ್ನೆರಡು’ ಅನ್ನುವ ಜಾಣತನ ಇಲ್ಲಿ ನಡೆಯಲ್ಲ, ಖಾಲಿ ಜಾಗ ಪಾಚಿಯ ಪಾಲು. ಜೊತೆಗೆ ಬೇಗ ಬೆಳೆಯುವ ಹಾರ್ನ್‌ವರ್ಟ್ ಒಂದು ಮುಷ್ಟಿ ತೇಲಬಿಡಿ, ಮೊದಲ ತಿಂಗಳ ಅಮೋನಿಯಾವನ್ನು ಅದು ನೋಡಿಕೊಳ್ಳುತ್ತೆ.

ನಮ್ಮದೇ ಊರಿನ ಗಿಡಗಳೂ ಇವೆ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಜಗತ್ತಿನ ಅಕ್ವೇರಿಯಂ ಪ್ರಿಯರು ಹಂಬಲಿಸುವ ಕೆಂಪು ರೊಟಾಲಾ ಮ್ಯಾಕ್ರ್ಯಾಂಡ್ರಾ ದಕ್ಷಿಣ ಭಾರತದ್ದು. ಲ್ಯಾಜೆನಾಂಡ್ರಾ ಮೀಬೋಲ್ಡಿ ಪಶ್ಚಿಮಘಟ್ಟದ ತೊರೆಗಳದ್ದು. ಬಕೋಪಾ ಮೊನಿಯೇರಿ ಅಂತ ದುಡ್ಡು ಕೊಟ್ಟು ತರುವ ಗಿಡ ಆಯುರ್ವೇದದ ನೀರುಬ್ರಾಹ್ಮಿ. ನಾವು ತಂಬುಳಿ ಮಾಡುವ ಒಂದೆಲಗಕ್ಕೂ ಬ್ರಾಹ್ಮಿ ಅಂತಾರೆ, ಅದು ಬೇರೆ. (ನೀರುಬ್ರಾಹ್ಮಿ ಟ್ಯಾಂಕಿನಲ್ಲಿ ಚೆನ್ನಾಗಿ ಬಂತು ಅಂತ ಅಜ್ಜಿಗೆ ಕೊಯ್ದು ಕೊಡಬೇಡಿ. ಮೀನಿಗೆ ಹಾಕಿದ ಔಷಧಿ ಅದರಲ್ಲೂ ಇರುತ್ತೆ.) ಹಾಗಂತ ಚಾರಣಕ್ಕೆ ಹೋದಾಗ ಘಟ್ಟದ ತೊರೆಯಿಂದ ಕಿತ್ತು ತರೋದು ಬೇಡ. ಅಲ್ಲಿನ ಹಲವು ಗಿಡಗಳು ಚಿಕ್ಕ ಚಿಕ್ಕ ಜಾಗಕ್ಕೇ ಸೀಮಿತವಾದವು, ಹರಿಯುವ ತಂಪು ನೀರಿಗೆ ಒಗ್ಗಿದವು. ನಮ್ಮ ಹಾಲ್‌ನಲ್ಲಿ ಬದುಕೋದು ಕಷ್ಟ.

ಎಲೆಯ ಮಾತು

ಎರಡು ತಿಂಗಳಾದ ಮೇಲೆ ಗಿಡ ಮಂಕಾದರೆ ಯಾವ ಎಲೆ ಅಂತ ನೋಡಿ. ಸಾರಜನಕ, ಪೊಟ್ಯಾಶಿಯಂನಂಥವನ್ನು ಗಿಡ ಹಳೆ ಎಲೆಯಿಂದ ಕಿತ್ತು ಹೊಸ ಎಲೆಗೆ ಸಾಗಿಸಬಲ್ಲದು. ಹಾಗಾಗಿ ಕೊರತೆ ಮೊದಲು ಹಳೆ ಎಲೆಯಲ್ಲಿ ಕಾಣುತ್ತೆ. ಹಳೆ ಎಲೆ ಪೂರ್ತಿ ಹಳದಿಯಾದರೆ ಸಾರಜನಕ, ಸೂಜಿ ಚುಚ್ಚಿದಂಥ ತೂತಾದರೆ ಪೊಟ್ಯಾಶಿಯಂ. ಕಬ್ಬಿಣವನ್ನು ಹಾಗೆ ಸಾಗಿಸಲು ಆಗಲ್ಲ, ಅದರ ಕೊರತೆ ಹೊಸ ಚಿಗುರಿನಲ್ಲಿ. ನರ ಹಸಿರು, ನಡುವೆ ಬಿಳಿಚು.

ಅಕ್ವೇರಿಯಂ ಗೊಬ್ಬರದ ಪುಟ್ಟ ಬಾಟಲಿ ಸಾಕಾಗುತ್ತೆ. ಉಳಿತಾಯ ಬೇಕಿದ್ದರೆ ರೈತರು ಡ್ರಿಪ್‌ನಲ್ಲಿ ಬಿಡುವ 13:0:45, ಅಂದರೆ ಪೊಟ್ಯಾಶಿಯಂ ನೈಟ್ರೇಟ್, ಗೊಬ್ಬರದಂಗಡಿಯಲ್ಲಿ ಕಿಲೊ ಪ್ಯಾಕೆಟ್ಟಿನಲ್ಲಿ ಸಿಗುತ್ತೆ. 50 ಲೀಟರಿಗೆ 0.8 ಗ್ರಾಂ ಹಾಕಿದರೆ ನೈಟ್ರೇಟ್ ಲೀಟರಿಗೆ ಸುಮಾರು 10 ಮಿಲಿಗ್ರಾಂ ಏರುತ್ತೆ, ಸಾದಾ ಟ್ಯಾಂಕಿಗೆ ಅಷ್ಟೇ ಧಾರಾಳ. ಒಂದು ಕಿಲೊ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಬರುತ್ತೆ, ಗೆಳೆಯರ ಜೊತೆ ಹಂಚಿಕೊಳ್ಳಿ. ಅಡುಗೆಯ ಚಮಚದಲ್ಲಲ್ಲ, ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ಯೂರಿಯಾ ಮತ್ತು 19:19:19 ಮಾತ್ರ ಕೈಗೆತ್ತಿಕೊಳ್ಳಲೇಬೇಡಿ. ಅವುಗಳ ಸಾರಜನಕ ಟ್ಯಾಂಕಿನಲ್ಲಿ ಅಮೋನಿಯಾ ಆಗುತ್ತೆ. ನಿಮ್ಮ ನೀರು ಗಡಸು, ಕ್ಷಾರೀಯ ಆದಷ್ಟೂ ಆ ಅಮೋನಿಯಾದ ವಿಷ ಹೆಚ್ಚು. ಒಂದು ಚಮಚದಲ್ಲಿ ಟ್ಯಾಂಕಿನ ಮೀನೆಲ್ಲ ಹೋಗಬಹುದು.

ಮೊದಲ ಎರಡು ತಿಂಗಳಲ್ಲಿ ಗಾಜಿನ ಮೇಲೆ ಬರುವ ಕಂದು ಪುಡಿಗೆ ಗಾಬರಿ ಬೇಡ, ಒರೆಸಿ, ತಾನಾಗೇ ಹೋಗುತ್ತೆ. ಹಸಿರು ನೂಲಿನಂಥ ಪಾಚಿ ಬಂದರೆ ಹಳೆ ಟೂತ್‌ಬ್ರಷ್‌ಗೆ ಸುತ್ತಿ ಎಳೆದು ತೆಗೆದು, ಲೈಟು ಒಂದು ಗಂಟೆ ಇಳಿಸಿ, ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ತೆಗೆದ ನೀರು ತುಳಸಿ ಕುಂಡಕ್ಕೆ ಅಮೃತ. ಪಾಚಿನಾಶಕ ಬಾಟಲಿ ಕೊಳ್ಳಬೇಡಿ. ಹಲವುಗಳಲ್ಲಿ ತಾಮ್ರ ಇರುತ್ತೆ, ಅದು ಸೀಗಡಿಯನ್ನು ಕೊಲ್ಲುತ್ತೆ. ಗಿಡಕ್ಕೂ ಒಳ್ಳೇದಲ್ಲ.

ಮೀನು? ಗಿಡ ಬೇರು ಬಿಟ್ಟ ಮೇಲೆ, ಮೂರ್ನಾಲ್ಕು ವಾರ ಕಳೆದು, ನಾಲ್ಕೈದರಂತೆ ಬಿಡಿ. ಗಡಸು ನೀರಿಗೆ ಗಪ್ಪಿ, ಪ್ಲ್ಯಾಟಿ. ಕಾವೇರಿ ನೀರಾದರೆ ಟೆಟ್ರಾ, ರಾಸ್ಬೊರಾ. ಗೋಲ್ಡ್‌ಫಿಶ್‌ಗೆ ನಿಮ್ಮ ಟ್ಯಾಂಕು ಸಲಾಡ್ ಬೌಲ್. ದಸರಾಗೆ ಒಂದು ವಾರ ಊರಿಗೆ ಹೋಗೋದಾದರೆ ಲೈಟಿನ ಟೈಮರ್ ಆನ್ ಇಟ್ಟು ಹೊರಡಿ. ಬೆಳೆದ, ಆರೋಗ್ಯವಾಗಿರುವ ಮೀನು ಒಂದು ವಾರ ಉಪವಾಸ ಇರಬಲ್ಲದು. ಪಕ್ಕದ ಮನೆಯ ಆಂಟಿ ಪ್ರೀತಿಯಿಂದ ದಿನಾ ಒಂದು ಹಿಡಿ ಆಹಾರ ಹಾಕಿದರೆ ಉಳಿಯೋದು ಕಷ್ಟ.

ಕತ್ತರಿಸಿದ ಗಿಡ ಎಲ್ಲಿಗೆ ಹೋಗುತ್ತೆ?

ನಾಲ್ಕು ತಿಂಗಳಾದ ಮೇಲೆ ಸಮಸ್ಯೆ ತಿರುಗಿಬೀಳುತ್ತೆ. ಗಿಡ ಬೆಳೆಯಲ್ಲ ಅನ್ನೋದು ಹೋಗಿ, ಬೆಳೆದದ್ದನ್ನು ಏನು ಮಾಡೋದು ಅನ್ನೋದು. ವಾಕಿಂಗ್ ಹೋಗುವಾಗ ಕೆರೆಗೆ ಹಾಕಿಬಿಟ್ಟರೆ ಬದುಕಿಕೊಳ್ಳುತ್ತೆ, ಪುಣ್ಯ ಬರುತ್ತೆ ಅಂತ ಅನ್ನಿಸೋದು ಸಹಜ. ಬದುಕಿಕೊಳ್ಳುತ್ತೆ ಅನ್ನೋದೇ ತೊಂದರೆ.

2020ರಲ್ಲಿ ಕೇರಳದ ಕೋಯಿಕ್ಕೋಡ್ ಜಿಲ್ಲೆಯ ಆವಳ ಪಾಂಡಿಯ ಜಲದಾರಿಗಳೆಲ್ಲ ಗುಲಾಬಿ ಹೂವಿನಿಂದ ಮುಚ್ಚಿಹೋದ ಫೋಟೊಗಳು ನಿಮ್ಮ ಫೋನಿಗೂ ಬಂದಿರಬಹುದು. ಜನ ದಂಡುದಂಡಾಗಿ ಸೆಲ್ಫಿಗೆ ಹೋದರು. ಆ ಹೂವಿನ ಗಿಡ ಕಬೊಂಬಾ ಫರ್ಕೇಟಾ, ದಕ್ಷಿಣ ಅಮೆರಿಕದ್ದು, ಅಕ್ವೇರಿಯಂ ಅಂಗಡಿಗಳಲ್ಲಿ ಕೆಂಪು ಕಬೊಂಬಾ ಅಂತ ಮಾರುವಂಥದ್ದು. ಅದು ದಟ್ಟವಾಗಿ ಹಬ್ಬಿದಲ್ಲಿ ಕೆಳಗಿನ ಸ್ಥಳೀಯ ಗಿಡಕ್ಕೆ ಬೆಳಕಿಲ್ಲ, ನೀರಿಗೆ ಹರಿವಿಲ್ಲ. ಇದರ ಉಲ್ಟಾ ಕಥೆಯೂ ಇದೆ. ಹೈಸ್ಕೂಲಿನಲ್ಲಿ ಆಲಿಕೆ ಬೋರಲು ಹಾಕಿ ಆಮ್ಲಜನಕದ ಗುಳ್ಳೆ ತೋರಿಸಿದ ನಮ್ಮ ಬಡಪಾಯಿ ಹೈಡ್ರಿಲ್ಲಾ, 1950ರ ದಶಕದಲ್ಲಿ ಅಕ್ವೇರಿಯಂ ವ್ಯಾಪಾರದ ಮೂಲಕ ಅಮೆರಿಕದ ಫ್ಲಾರಿಡಾ ಸೇರಿತು. ಅಲ್ಲಿನ ನದಿ-ಕೆರೆಗಳನ್ನು ಕಟ್ಟಿಹಾಕಿತು, ಅದನ್ನು ಹತೋಟಿಯಲ್ಲಿಡಲು ಇವತ್ತಿಗೂ ಹಣ ಸುರಿಯುತ್ತಿದ್ದಾರೆ. ಇಲ್ಲಿ ಸಾಧುವಾಗಿದ್ದ ಗಿಡ ಅಲ್ಲಿ ಹಾಗೆ, ಅಲ್ಲಿಯದು ಇಲ್ಲಿ ಹೀಗೆ.

ಸಾಲ್ವೀನಿಯಾ, ಕಬೊಂಬಾದಂಥ ಗಿಡಗಳಿಗೆ ಬೀಜವೂ ಬೇಕಿಲ್ಲ, ಬೆರಳುದ್ದದ ತುಂಡು ಸಾಕು. ಸಿಂಕಿನಲ್ಲಿ, ಟಾಯ್ಲೆಟ್ಟಿನಲ್ಲಿ ಬಿಟ್ಟರೂ ರಾಜಕಾಲುವೆ ಹಿಡಿದು ಯಾವುದೋ ಕೆರೆ ಸೇರಬಹುದು. ಟ್ಯಾಂಕಿನ ನೀರು ಚೆಲ್ಲುವಾಗ ಜರಡಿ ಹಿಡಿಯಿರಿ. ಒಳ್ಳೆಯ ತುಂಡುಗಳನ್ನು ಒದ್ದೆ ಪೇಪರಿನಲ್ಲಿ ಸುತ್ತಿ ಡಬ್ಬಿಗೆ ಹಾಕಿ ಗೆಳೆಯರಿಗೆ ಕೊಡಿ, ಎರಡು-ಮೂರು ದಿನ ತಡೆಯುತ್ತೆ. ಉಳಿದದ್ದನ್ನು ಟೆರೇಸಿನ ಬಿಸಿಲಲ್ಲಿ ಹಳೆ ಪೇಪರ್ ಮೇಲೆ ಹರಡಿ, ಕೈಯಲ್ಲಿ ಹಿಡಿದರೆ ಪುಡಿಯಾಗುವಷ್ಟು ಒಣಗಿಸಿ, ಕರಿಬೇವಿನ ಕುಂಡಕ್ಕೆ ಹಾಕಿ. ಮಳೆಗಾಲದಲ್ಲಿ ಒಣಗದಿದ್ದರೆ ಪ್ಲಾಸ್ಟಿಕ್ ಕವರಿಗೆ ತುಂಬಿ ಫ್ರೀಜರಿನಲ್ಲಿ ಎರಡು ದಿನ ಇಟ್ಟು ಆಮೇಲೆ ಹಸಿ ಕಸಕ್ಕೆ. ಕವರ್ ಮೇಲೆ ಹೆಸರು ಬರೆದಿಡಿ, ಯಾರಾದರೂ ಪಾಲಕ್ ಅಂದುಕೊಂಡಾರು.